ಹಾರ್ಡ್‌ವೇರ್ ದೋಷ ಎಂದಷ್ಟೇ

ಆ ಮಳೆಗಾಲದಲ್ಲಿ ಕಾರವಾರದಿಂದ ಅಂಕೋಲೆಗೆ ಎಷ್ಟು ಸಲ ಹೋಗಿ ಬಂದೆನೋ ಗೊತ್ತಿಲ್ಲ. ಡೈರಿಯಲ್ಲಿ ಕೆಲವು ಭಾನುವಾರಗಳಷ್ಟೇ ಇವೆ. ನೆನಪಿನಲ್ಲಿ ಮಾತ್ರ ಇಡೀ ಮಳೆಗಾಲವನ್ನು ಬಸ್ಸಿನಲ್ಲೇ ಕಳೆದಂತಿದೆ. ಸಿಟ್ಟಿನಲ್ಲಿ ಮಾಡಿದ ಪ್ರಯಾಣಗಳು ನೆನಪಿನಲ್ಲಿ ಬೆಳೆಯುತ್ತವೆಯೋ ಏನೋ.

ಎರಡು ಸಾವಿರದ ಐದೋ ಆರೋ ಇರಬೇಕು. ಅಂಕೋಲೆಯ ಬಸ್ ಸ್ಟ್ಯಾಂಡಿನ ಹತ್ತಿರ, ಭಾವನ ಮನೆಯ ಮುಂದಿನ ಕೋಣೆಯಲ್ಲಿ ಅಕ್ಕ ಇಂಟರ್ನೆಟ್ ಸೆಂಟರ್ ನಡೆಸುತ್ತಿದ್ದಳು. ಫಲಿತಾಂಶ ನೋಡಲು ಕಾಲೇಜಿನವರು ಬರುತ್ತಿದ್ದರು. ಅವರಿಗಿಂತ ಹೆಚ್ಚಾಗಿ ಹತ್ತಿರದ ಕಡಲತಡಿಯ ಊರಾದ ಕೇಣಿಯ ಕಡೆಯ ಹೆಂಗಸರು ಬರುತ್ತಿದ್ದರು. ಅವರ ಗಂಡಂದಿರು, ಮಕ್ಕಳು ದೂರದ ಹಡಗುಗಳಲ್ಲಿ ಕೆಲಸಕ್ಕಿದ್ದರು. ಹಡಗು ಯಾವುದೋ ಬಂದರಿಗೆ ತಾಗಿದ ದಿನ ಇವರು ಇಲ್ಲಿ ಹೆಡ್‌ಫೋನ್ ಹಾಕಿಕೊಂಡು, ಓಣಿಗೆಲ್ಲ ಕೇಳುವಂತೆ ಮಾತನಾಡುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಅಕ್ಕನಿಗೆ ತನ್ನದು ಎಂದು ಇದ್ದದ್ದು ಆ ಕೋಣೆಯೊಂದೇ.

ಮಳೆ ಹಿಡಿದ ಮೇಲೆ ಮಾತಿನ ನಡುವೆಯೇ ಸಂಪರ್ಕ ಕಡಿಯತೊಡಗಿತು. ಅಲ್ಲಿನ ಕಂಪ್ಯೂಟರುಗಳೆಲ್ಲ ಮೂಲೆಯ ಒಂದು ಕಂಪ್ಯೂಟರಿನ ಮೂಲಕವೇ ಹೊರಗೆ ಹೋಗಬೇಕು. ಅದು ಬಿಕ್ಕಳಿಸಿದಂತೆ ನಿಂತು, ಮತ್ತೆ ಹೊರಡುತ್ತಿತ್ತು. ಕಾರವಾರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನಾನೇ ಅದನ್ನು ಹಾಕಿಕೊಟ್ಟವಳು. ಹಾಗಾಗಿ ದೂರು ನೇರವಾಗಿ ನನಗೇ ಬರುತ್ತಿತ್ತು. ಚೌತಿಯೊಳಗೆ ಸರಿಯಾಗದಿದ್ದರೆ ಕೋಣೆಯನ್ನು ಮೆಡಿಕಲ್ ಅಂಗಡಿಗೆ ಕೊಡುವುದೆಂದು ಭಾವ ಹೇಳಿಯಾಗಿತ್ತು.

“ಎಂತ ಹೇಳ್ತದೆ ನಿನ್ನ ಕಂಪ್ಯೂಟರು?” ಭಾವ ಬಾಗಿಲಲ್ಲಿ ನಿಂತು ಕೇಳಿದರು.

“ಹಾರ್ಡ್‌ವೇರ್ ದೋಷ ಅಂತ.”

“ಯಾವ ದೋಷ?”

“ಅದು ಹೇಳೂದಿಲ್ಲ ಭಾವ.”

“ಮೈಯಲ್ಲಿ ಏನೋ ಸರಿ ಇಲ್ಲ ಅಂತ ಹೇಳೂಕೆ ಡಾಕ್ಟ್ರು ಬೇಕಾ ಮಾರಾಯ್ತಿ? ನಮ್ಮನೆ ಆಕಳಿಗೂ ಅಷ್ಟು ಗೊತ್ತಾಗ್ತದೆ.”

ಅಕ್ಕ ನಗಲಿಲ್ಲ. ಒಳಗೆ ಆಗಷ್ಟೇ ಒಬ್ಬಾಕೆ ಹೆಡ್‌ಫೋನನ್ನು ಮೇಜಿನ ಮೇಲೆ ಕುಕ್ಕಿ, “ಮಗ ಜ್ವರ ಅಂದ, ಅಷ್ಟಕ್ಕೇ ನಿಂತೋಯ್ತು” ಎಂದು ಅಳುವ ಧ್ವನಿಯಲ್ಲಿ ಕೂಗಿದ್ದಳು.

ಕೇಬಲ್ ಬದಲಿಸಿದೆ. ಹುಬ್ಬಳ್ಳಿಯಿಂದ ಹೊಸ ನೆಟ್‌ವರ್ಕ್ ಕಾರ್ಡ್ ತರಿಸಿ ಅದೇ ಜಾಗದಲ್ಲಿ ಕೂರಿಸಿದೆ. ಎರಡು ದಿನ ಸುಮ್ಮನಿದ್ದು ಮತ್ತೆ ಪರದೆಯ ಮೇಲೆ ಅದೇ ಎರಡು ಶಬ್ದ. ದೋಷದ ಸಂದೇಶವನ್ನು ಮೊದಲು ಓದಿ ಎಂದು ತರಗತಿಯಲ್ಲಿ ಹೇಳುತ್ತಿದ್ದವಳು ನಾನು. ಓದಲು ಅಲ್ಲೇನಿತ್ತು?

ಮಳೆಗೆ ಕಾಲೇಜು ರಜೆ ಕೊಟ್ಟ ಒಂದು ಮಧ್ಯಾಹ್ನ ಕಾರವಾರದ ಹಬ್ಬುವಾಡದಲ್ಲಿದ್ದ ನನ್ನ ಬಾಡಿಗೆ ಮನೆಯಲ್ಲಿ ಕುಳಿತು, ಆ ಕಾರ್ಡಿನ ಡ್ರೈವರ್ ತೆರೆದು ಓದಿದೆ. ಕಾರ್ಡಿಗೂ ಉಳಿದ ಕಂಪ್ಯೂಟರಿಗೂ ನಡುವೆ ಮಾತು ದಾಟಿಸುವ ಸಣ್ಣ ಪ್ರೋಗ್ರಾಮು ಅದು. ಯಾರು ಬೇಕಾದರೂ ಓದಿ ತಿದ್ದಬಹುದಾದದ್ದು. ಓದುತ್ತ ಹೋದಂತೆ ನನಗೆ ನಂಬಲಾಗಲಿಲ್ಲ. ತೊಂದರೆ ಕೇಬಲ್ಲಿನ ಕಡೆಯದೇ, ಕಾರ್ಡಿನೊಳಗಿನದೇ, ಇಲ್ಲವೇ ಕಾರ್ಡಿನಿಂದ ಅದು ಕೂರುವ ಬೋರ್ಡಿಗೆ ಹೋಗುವಾಗ ಮಾಹಿತಿ ಕೆಟ್ಟಿತೇ ಎಂದು ಕಾರ್ಡು ಪ್ರತಿ ಸಲವೂ ಬಿಡಿಸಿ ಹೇಳುತ್ತಿತ್ತು. ಡ್ರೈವರ್ ಅದನ್ನು ಓದುತ್ತಿತ್ತು, ಏನೋ ಒಂದು ಇದೆ ಎಂದಷ್ಟೇ ನೋಡಿಕೊಂಡು “ಹಾರ್ಡ್‌ವೇರ್ ದೋಷ” ಎಂದು ಬರೆಯುತ್ತಿತ್ತು. ಆಮೇಲೆ ಕಾರ್ಡು ಹೇಳಿದ್ದನ್ನು ಅಳಿಸಿ, ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತಿತ್ತು. ಬರೆದವನಿಗೆ ಅವಸರವಿತ್ತೋ, ಓದುವವರು ಯಾರೂ ಇರಲಾರರು ಎಂದುಕೊಂಡನೋ. ಎಲ್ಲೋ ಇರುವ, ಮುಖ ನೋಡದ ಒಬ್ಬನ ಮೇಲೆ ಅಷ್ಟು ಸಿಟ್ಟು ನನಗೆ ಅದಕ್ಕೆ ಮೊದಲು ಬಂದಿರಲಿಲ್ಲ.

ಕಾರ್ಡು ಹೇಳಿದ ಕಾರಣವನ್ನು ಹಾಗೆಯೇ ಬರೆಯುವ ಕೆಲವು ಸಾಲು ಸೇರಿಸಿ, ಸಿಡಿಗೆ ಹಾಕಿ, ಅಂಕೋಲೆಗೆ ಒಯ್ದೆ. ಮುಂದಿನ ಬಿಕ್ಕಳಿಕೆಗೆ ಉತ್ತರ ಬಂತು: ಕಾರ್ಡು ಮತ್ತು ಬೋರ್ಡಿನ ನಡುವೆ ಮಾಹಿತಿ ಕೆಟ್ಟಿದೆ.

ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, ಕಾರ್ಡು ಎಳೆದು, ಅದು ಕೂರುವ ಸಂದಿಯನ್ನು ಟಾರ್ಚ್ ಹಿಡಿದು ನೋಡಿದೆ. ಒಳಗೆ ಕಂದು ಅಂಟು. ಬೆರಳಿಗೆ ತೆಂಗಿನೆಣ್ಣೆಯ ವಾಸನೆ. ಹಳೆಯ ಕಾರ್ಡು ತೆಗೆದಾಗಲೂ ಇದೇ ವಾಸನೆ ಬಂದಿತ್ತೇ? ಈಗ ಹೌದೆನಿಸುತ್ತದೆ, ಆದರೆ ಕಾರಣ ತಿಳಿದ ಮೇಲೆ ಹುಟ್ಟಿದ ನೆನಪು ಅದು, ನಂಬಲಾರೆ. ಆ ಮನೆಯಲ್ಲಿ ಯಾವುದಕ್ಕೆ ತೆಂಗಿನೆಣ್ಣೆಯ ವಾಸನೆ ಇರಲಿಲ್ಲ?

ನಮ್ಮ ಕಡೆ ಮಳೆಗೆ ಮುಂಚೆ ಕಬ್ಬಿಣಕ್ಕೆ ಎಣ್ಣೆ ತೋರಿಸದ ಮನೆ ಕಡಿಮೆ. ಭಾವ ಪ್ರತಿ ವರ್ಷ ಒಂದು ಬಟ್ಟಲು, ಒಂದು ಕೋಳಿಗರಿ ಹಿಡಿದು ಬೀಗ, ಕತ್ತಿ, ಬಾವಿಯ ರಾಟೆಗೆಲ್ಲ ಸವರಿಕೊಂಡು ಬರುತ್ತಿದ್ದರು. ಆ ವರ್ಷ ಅಕ್ಕನ ಕೋಣೆಗೂ ಹೋಗಿದ್ದರು.

“ಹಚ್ಚಿದ್ದೆ. ಪೆಟ್ಟಿಗೆ ತೆಗೆದೇ ಹಚ್ಚಿದ್ದೆ,” ಅಂದರು, ಸ್ವಲ್ಪ ಹೆಮ್ಮೆಯಿಂದಲೇ. “ಉಪ್ಪುಗಾಳಿಗೆ ಒಳಗೆಲ್ಲ ಹಸಿರು ಹಿಡೀತಾ ಇತ್ತು. ನಿನ್ನಕ್ಕನ ಸಾಮಾನು ಹಾಳಾಗೂಕೆ ಬಿಡೂದಾ?”

“ನಂಗೆ ಹೇಳ್ಬೇಕಿತ್ತಲ್ಲ ಭಾವ!”

“ಬೀಗಕ್ಕೆ ಎಣ್ಣೆ ಹಾಕಿದ್ದನ್ನ ಊರಿಗೆಲ್ಲ ಹೇಳ್ತಾರಾ? ನೀನು ಬಂದಾಗೆಲ್ಲ ಕೇಬಲ್ ಕೇಬಲ್ ಅಂದೆ. ಎಣ್ಣೆ ಸುದ್ದಿ ಎತ್ತಿದ್ಯಾ?”

ಎತ್ತಿರಲಿಲ್ಲ. ಎತ್ತಲು ನನಗಾದರೂ ಯಾರು ಸುಳಿವು ಕೊಟ್ಟಿದ್ದರು?

ಸ್ಪಿರಿಟ್ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಆಮೇಲೆ ಮಾತಿನ ನಡುವೆ ಸಂಪರ್ಕ ಕಡಿಯಲಿಲ್ಲ. ಚೌತಿಗೆ ಇನ್ನೂ ಕೆಲವು ದಿನಗಳಿದ್ದವು. ಅಕ್ಕ ಭಾವನ ಮುಖ ನೋಡಿದಳು.

“ಈಗ ಎಂತ ಮಾಡೂದು?” ಭಾವನ ಧ್ವನಿ ಇಳಿದಿತ್ತು. “ನಿನ್ನೆ ಮೆಡಿಕಲ್ಲಿನವ್ನಿಗೆ ಹೂಂ ಅಂದಾಯ್ತು. ಕಪಾಟು ಮಾಡೂಕೆ ಹೇಳಿದಾನೆ.”

ಒಂದೇ ಒಂದು ದಿನ ತಡವಾಗಿತ್ತು. ನನ್ನ ಸಾಲುಗಳು ಒಂದು ವಾರ ಮೊದಲೇ ಆ ಡ್ರೈವರಿನಲ್ಲಿ ಇದ್ದಿದ್ದರೆ ಎಂದು ಅಂದು ಲೆಕ್ಕ ಹಾಕಿದೆ, ಇಂದೂ ಹಾಕುತ್ತೇನೆ. ಹಾಗಿದ್ದರೂ ಭಾವ ಬೇರೆ ಕಾರಣ ಹುಡುಕುತ್ತಿದ್ದರೇ? ತಿಳಿಯದು. ಸಾಲುಗಳನ್ನು ಡ್ರೈವರ್ ನೋಡಿಕೊಳ್ಳುವವರಿಗೆ ಮೇಲ್ ಮಾಡಿದೆ. ಸಾಮಾನ್ಯ ಬಳಕೆದಾರರಿಗೆ ಇಷ್ಟೆಲ್ಲ ವಿವರ ಗೊಂದಲ ತರುತ್ತದೆ ಎಂಬ ಉತ್ತರ ಬಂತು. ಮತ್ತೆ ಬರೆದೆ, ಸಾಲುಗಳನ್ನು ಮತ್ತೆ ಮೊಟಕು ಮಾಡಿದೆ. ಎಷ್ಟೋ ತಿಂಗಳ ಮೇಲೆ ಅದರಲ್ಲಿ ಅರ್ಧದಷ್ಟನ್ನು ಸೇರಿಸಿಕೊಂಡರು. ಖುಷಿಪಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಚೌತಿ ಕಳೆದು ಕೋಣೆ ಖಾಲಿ ಮಾಡಿದ ದಿನ ನಾನೂ ಅಲ್ಲಿದ್ದೆ. ಬಾಗಿಲಿಗೆ ಅಂಟಿಸಲು ಅಕ್ಕ ಒಂದು ಹಾಳೆ ತೆಗೆದುಕೊಂಡು ಕುಳಿತಳು.

“ಕಾರಣಾಂತರಗಳಿಂದ ಮುಚ್ಚಲಾಗಿದೆ ಅಂತ ಬರಿ, ಸಾಕು,” ಭಾವ ಹೇಳಿದರು.

“ಅದನ್ನ ಓದಿ ಕೇಣಿಯಿಂದ ಬಂದವ್ರು ಎಂತ ತಿಳ್ಕೊಳ್ಳೂದು? ಬಸ್ ಹತ್ತಿ ವಾಪಸ್ ಹೋಗೂದಾ?”

ಅಕ್ಕ ತನಗೆ ತೋಚಿದಂತೆ ಬರೆದಳು. ಕೋಣೆ ಮೆಡಿಕಲ್ ಅಂಗಡಿಗೆ ಹೋಗಿದೆ, ಒಂದು ಕಂಪ್ಯೂಟರ್ ಹಿಂದಿನ ಜಗಲಿಯಲ್ಲಿದೆ, ಹಡಗಿನವರ ಜೊತೆ ಮಾತನಾಡುವವರು ಬಾವಿಯ ಪಕ್ಕದ ದಾರಿಯಿಂದ ಬರಬೇಕು, ನಾಯಿ ಕಚ್ಚುವುದಿಲ್ಲ. ಭಾವ ಅದನ್ನು ಓದಿದರು. ಒಳಗಿನಿಂದ ಅಂಟು ತಂದು ಕೊಟ್ಟರು.