ಹಾರ್ಡ್ ಡಿಸ್ಕಿಗೆ ಬಿದ್ದ ಕೀಲಿ

ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬರೆಯುವಾಗ ನಾವು ಒತ್ತಿದ ಅಕ್ಷರಗಳು ಕಾಣುವುದಿಲ್ಲ, ಬದಲಿಗೆ ಕಪ್ಪು ಚುಕ್ಕೆಗಳು ಸಾಲಾಗಿ ನಿಲ್ಲುತ್ತವೆ ಎಂಬುದನ್ನು ನೀವೂ ಗಮನಿಸಿರಬಹುದು. ಬೆನ್ನ ಹಿಂದೆ ನಿಂತು ಇಣುಕುವವರಿಗಾಗಿ ಮಾಡಿದ ಏರ್ಪಾಡಂತೆ ಇದು. ನನ್ನ ಬೆನ್ನ ಹಿಂದೆ ಗೋಡೆಯ ಹೊರತು ಯಾರೂ ಇರಲಿಲ್ಲ. ಆ ಚುಕ್ಕೆಗಳು ಮುಚ್ಚಿಟ್ಟದ್ದು ನನ್ನ ಅಕ್ಷರಗಳನ್ನು ನನ್ನಿಂದಲೇ.

ಕೃಷ್ಣಾ ಹೊಳೆ ಉಕ್ಕಿ ಜುಗೂಳದ ನಮ್ಮ ಮನೆಯೊಳಗೆ ಬಂದು ಹೋದಾಗ ಟ್ರಂಕಿನಲ್ಲಿದ್ದ ಫೋಟೋಗಳೆಲ್ಲ ಒಂದಕ್ಕೊಂದು ಅಂಟಿ ಕೆಸರಿನ ಹಲಗೆಯಾದವು. ಅಣ್ಣ-ವೈನಿಯರ ಮದುವೆಯ ಫೋಟೋ ಆ ಹಲಗೆಯೊಳಗೇ ಎಲ್ಲೋ ಇತ್ತು. ಉಳಿದದ್ದು ಮೊಬೈಲುಗಳಲ್ಲಿದ್ದ ಚಿತ್ರಗಳು ಮಾತ್ರ. ಕಾಗವಾಡದಲ್ಲಿ ಪಾಠ ಹೇಳಿ, ನಿವೃತ್ತನಾಗಿ ಅಲ್ಲೇ ನೆಲೆಸಿದ ನಾನು ಮನೆತನದ ವಿದ್ಯಾವಂತನೆಂಬ ಹಮ್ಮಿನಲ್ಲಿ ಅವನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ತುಂಬಿ, ಮೊಬೈಲುಗಳಲ್ಲಿ ಜಾಗವಿಲ್ಲವೆಂದು ಅಲ್ಲಿಂದ ಅಳಿಸಿದೆ. ಕೆಲಸ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ಇದನ್ನು ಸುರಕ್ಷಿತವಾಗಿ ಇಡಲೇ? ಹೊಳೆಯ ನೀರಲ್ಲಿ ಟ್ರಂಕು ಕಳೆದುಕೊಂಡವನು ಅಂಥ ಮಾತಿಗೆ ಬೇಡ ಎನ್ನುತ್ತಾನೆಯೆ? ಹೂಂ ಎಂದು ಒತ್ತಿ, ನಾನು ಎಲ್ಲದಕ್ಕೂ ಬಳಸುವ ಊರ ಹೆಸರನ್ನೇ ಪಾಸ್‌ವರ್ಡಾಗಿ ಕೊಟ್ಟೆ.

ಅಣ್ಣ ಎದೆನೋವಿನಿಂದ ತೀರಿಕೊಂಡ ಮೇಲೆ ಆ ಡಿಸ್ಕನ್ನು ಮತ್ತೆ ಕಂಪ್ಯೂಟರಿಗೆ ಹಚ್ಚಿದೆ. ವರ್ಷದ ತಿಥಿ ಹತ್ತಿರ ಬಂದಿತ್ತು, ಗೋಡೆಗೆ ಹಾಕಲು ಅವನದೊಂದು ಫೋಟೋ ಬೇಕಾಗಿತ್ತು. ಊರ ಹೆಸರು ಬರೆದೆ. ಪಾಸ್‌ವರ್ಡ್ ತಪ್ಪು ಎಂದಿತು ಯಂತ್ರ. ಹುಟ್ಟಿದೂರಿನ ಹೆಸರೇ ತಪ್ಪೆನ್ನಿಸಿಕೊಂಡ ಮೇಲೆ ಮನುಷ್ಯನಿಗೆ ತನ್ನ ಮೇಲೆ ಎಷ್ಟು ನಂಬಿಕೆ ಉಳಿದೀತು?

ಫೋಟೋ ತೆಗೆಯುವವರು ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಕೊಡುತ್ತೇವೆಂದರು. ವೈನಿ ಒಪ್ಪಲಿಲ್ಲ.

“ಅದು ಬ್ಯಾಡ ತಮ್ಮಾ. ಅದರಾಗ ಅವರು ಪೊಲೀಸರು ಹಿಡಕೊಂಡು ಹೋದಾಂವನಂಗ ಕಾಣಸ್ತಾರ,” ಎಂದು ನಕ್ಕರು. ಆ ನಗು ನಡುವೆಯೇ ನಿಂತುಹೋಯಿತು. “ಕಣ್ಣ ಮುಚ್ಚಿದ್ರ ದನಿ ಬರತೈತಿ. ಮಾರಿ ಬರವಲ್ದು. ದಿನಾ ಒಂದೀಟು ಮಸಕಾಗಾಕತ್ತೈತಿ.”

“ಸಿಗತೈತ್ರಿ ವೈನಿ, ಫೋಟೋ ತುಂಬಿದ ಡಬ್ಬಿ ನನ್ನ ಕಡೇನ ಐತಿ,” ಎಂದೆ. ಡಬ್ಬಿ ನನ್ನ ಬಳಿ ಇದ್ದದ್ದು ನಿಜ. ಇದ್ದೂ ಇಲ್ಲದಂತಿರುವುದು ಹೇಗೆಂಬುದನ್ನು ಆ ದಿನಗಳಲ್ಲಿ ನಾನು ಆ ಕಪ್ಪು ಡಬ್ಬಿಯಿಂದ ಕಲಿತೆ.

ಮಿರಜಿಗೆ ಒಯ್ದೆ. ಕಂಪ್ಯೂಟರ್ ರಿಪೇರಿ ಅಂಗಡಿಯವರು ಅದನ್ನು ಕಿವಿಗೆ ಹಿಡಿದು, ನಾಡಿ ನೋಡಿದ ವೈದ್ಯರಂತೆ ತಲೆಯಾಡಿಸಿದರು. “ಡಬ್ಬಿ ಚೊಲೊ ಐತ್ರಿ ಸರ್. ಎಲ್ಲಾ ಒರಿಸಿ ಕೊಡ್ತೀನಿ, ಹೊಸಾದರಂಗ ಆಗತೈತಿ.”

“ಒಳಗಿಂದು?”

“ಒಳಗಿಂದು ಹೋಗತೈತ್ರಿ. ಕೀಲಿ ಕಳಕೊಂಡಾಂವ ಮನೀನ ಕೆಡವಿದಂಗ.”

ಬೇಡವೆಂದು ತಿರುಗಿ ತಂದೆ. ಮುಂದೆ ಪ್ರತಿ ಮಧ್ಯಾಹ್ನ ಊಟವಾದ ಮೇಲೆ ಅದನ್ನು ಹಚ್ಚುವುದು, ಅದು ಒಲ್ಲೆನ್ನುವುದು, ನಾನು ಕಿತ್ತಿಡುವುದು ಒಂದು ನಿತ್ಯಕರ್ಮವೇ ಆಗಿಬಿಟ್ಟಿತು. ಫಲದ ಆಸೆಯಿಲ್ಲದೆ ಕರ್ಮ ಮಾಡುವುದು ಹೀಗೆಯೇ ಇರಬೇಕು, ಆದರೆ ಅದರಿಂದ ಮನಸ್ಸಿಗೆ ಶಾಂತಿಯೇನೂ ಸಿಗುವುದಿಲ್ಲ.

ನಮ್ಮ ಕಡೆ ಒಂದು ರೂಢಿಯಿದೆ. ಶುಭವಾಗಲಿ ಅಶುಭವಾಗಲಿ, ಕರೆಯೋಲೆಯನ್ನು ಕನ್ನಡದಲ್ಲೊಮ್ಮೆ, ಗಡಿಯಾಚೆಯ ನೆಂಟರಿಗೆ ಮರಾಠಿಯಲ್ಲೊಮ್ಮೆ ಬರೆಯಬೇಕು. ಅಣ್ಣನ ತಿಥಿಯ ಮರಾಠಿ ಓಲೆಯನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದವನು ಅವನ ಹೆಸರು ಬಂದಲ್ಲಿ ಮುಂದೆ ಹೋಗಲಾರದೆ, ಅಭ್ಯಾಸಬಲದಿಂದ ಡಿಸ್ಕನ್ನು ಹಚ್ಚಿ ಊರ ಹೆಸರಿನ ಗುಂಡಿಗಳನ್ನು ಒತ್ತಿದೆ. ತೆರೆದುಕೊಂಡಿತು. ಬೀಗ ಹಾಕಿದ ದಿನವೂ ಮಿರಜಿನ ಬೀಗರಿಗೆ ಮರಾಠಿಯಲ್ಲಿ ಕಾಗದ ಬರೆಯುತ್ತಿದ್ದೆನೆಂಬುದು ಆಗ ನೆನಪಾಯಿತು. ಅಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆಂದು ತಿಳಿದು ಗುಂಡಿಗಳನ್ನು ಒತ್ತಿದ್ದೆ. ಕೀಲಿಮಣೆ ಮರಾಠಿಯಲ್ಲೇ ಉಳಿದಿದ್ದರಿಂದ ಯಂತ್ರ ಬರೆದುಕೊಂಡದ್ದು ಮರಾಠಿ ಅಕ್ಷರಗಳನ್ನು. ಚುಕ್ಕೆಗಳಿಗೆ ಯಾವ ಭಾಷೆಯಾದರೇನು, ಎಲ್ಲವೂ ಒಂದೇ ಕಪ್ಪು.

ಜುಗೂಳಕ್ಕೆ ಹೋಗಿ ವೈನಿಯ ಎದುರಿಗೇ ಚಿತ್ರಗಳನ್ನು ಒಂದೊಂದಾಗಿ ಸರಿಸಿದೆ. ಹೊಸ ಕನ್ನಡಕದ ನಾನು. ದ್ರಾಕ್ಷಿ ಚಪ್ಪರದ ಕೆಳಗೆ ನನ್ನ ಹೆಂಡತಿ. ನೆಂಟರು, ಅವರ ಮಕ್ಕಳು, ಅವರ ಹೊಸ ಟ್ರ್ಯಾಕ್ಟರು. ಅಣ್ಣ ಎಲ್ಲಿಯೂ ಇರಲಿಲ್ಲ. “ನೀವು ನಿಂದರ್ರಿ, ನಾ ತಗೀತೀನಿ,” ಎಂದು ಪ್ರತಿ ಸಲ ಮೊಬೈಲು ಇಸಿದುಕೊಳ್ಳುತ್ತಿದ್ದವನು ಅವನೇ. ನಾವೆಲ್ಲರೂ ಅವನನ್ನು ನೋಡಿ ನಕ್ಕಿದ್ದೆವು. ಅವನ ಫೋಟೋ ಯಾರೂ ತೆಗೆದಿರಲಿಲ್ಲ.

ಕೊನೆಗೆ ಎಮ್ಮೆಯ ಒಂದು ಚಿತ್ರ ಬಂತು. ಮಾರುವ ಮುನ್ನ ಕೊಳ್ಳುವವರಿಗೆ ಕಳಿಸಲೆಂದು ನಾನು ತೆಗೆದದ್ದು. “ಅಣ್ಣಾ, ಸ್ವಲ್ಪ ಸರಿ, ಎಮ್ಮಿ ಪೂರಾ ಬರ್ಲಿ,” ಎಂದಿದ್ದೆ, ಅವನು ಸರಿದಿದ್ದ. ಎಡ ಅಂಚಿನಲ್ಲಿ ಹಗ್ಗ ಹಿಡಿದ ಕೈಯೊಂದು ಮೊಣಕೈವರೆಗೆ ಉಳಿದಿತ್ತು. ನಾನು ಮುಂದೆ ಸರಿಸಹೋದೆ.

“ನಿಂದರಸ,” ಎಂದರು ವೈನಿ. ಬಹಳ ಹೊತ್ತು ನೋಡಿದರು. “ಇದಕ್ಕ ಕಟ್ಟು ಹಾಕಸು, ಗ್ವಾಡಿಗೆ ಹಾಕೂನು.”

ಡಿಸ್ಕಿನ ಬೀಗವನ್ನು ಈಗ ತೆಗೆದಿದ್ದೇನೆ. ಯಾರು ಹಚ್ಚಿದರೂ ತೆರೆದುಕೊಳ್ಳುತ್ತದೆ, ಏನನ್ನೂ ಕೇಳುವುದಿಲ್ಲ. ಕೇಳಿದರೆ ಹೇಳಲು ನಮ್ಮಲ್ಲೂ ಹೆಚ್ಚೇನಿಲ್ಲ.

ತಿಥಿಯ ದಿನ ಶಿರಗುಪ್ಪಿಯಿಂದ ಬಂದ ಸೋದರತ್ತೆ ಗೋಡೆ ನೋಡಿ ದಂಗಾದರು. “ಏನಬೇ ಇದು? ಎಮ್ಮಿ ತಿಥಿ ಮಾಡಾಕತ್ತೀಯೇನ?” ಕೆಲವರು ಬಾಯಿಗೆ ಸೆರಗು ಹಿಡಿದು ನಕ್ಕರು.

ವೈನಿ ಹಾರ ಹಿಡಿದು ನಿಂತಿದ್ದರು. “ಎಮ್ಮಿ ನೋಡಬ್ಯಾಡ್ರಿ ಅತ್ಯಾರ,” ಎಂದರು. “ಹಗ್ಗ ಯಾರು ಹಿಡದಾರ ನೋಡ್ರಿ.”

ನಗು ನಿಂತಿತು. ಮನೆ ತುಂಬ ಇದ್ದವರೆಲ್ಲ ಒಬ್ಬೊಬ್ಬರಾಗಿ ಮುಂದೆ ಬಂದು, ಚಿತ್ರದ ಎಡ ಅಂಚಿಗೆ ಬಗ್ಗಿ ನೋಡತೊಡಗಿದರು.