ಆಗಸ್ಟ್‌ನಲ್ಲಿ ನಿಂತ ಆಟ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಮೆರಿಕದ ಬೇಸ್‌ಬಾಲ್ ಟಿವಿಯಲ್ಲಿ ನಿಂತುಹೋದದ್ದೂ ನನ್ನ ಮೂತ್ರದ ಬಣ್ಣ ತಿಳಿಯಾದದ್ದೂ ಒಂದೇ ದಿನ ಎಂದು ನನ್ನ ನೆನಪು ಹಟ ಹಿಡಿಯುತ್ತದೆ. ನೋಟ್‌ಬುಕ್ಕು ಹಾಗೆ ಹೇಳುವುದಿಲ್ಲ. ನಡುವೆ ಒಂಬತ್ತು ದಿನಗಳಿವೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ನೋಟ್‌ಬುಕ್ಕನ್ನೇ ನಂಬಬೇಕು. ಆದರೆ ಸಿಟ್ಟು ಬಂದಾಗ ಆ ಒಂಬತ್ತು ದಿನಗಳು ಉಳಿಯುವುದಿಲ್ಲ. ಸಿಟ್ಟು ಈಗಲೂ ದಿನಕ್ಕೊಮ್ಮೆ ಬರುತ್ತದೆ.

ಶುರುವಾದದ್ದು ತೊಂಬತ್ತನಾಲ್ಕರ ಜನವರಿಯಲ್ಲಿ. ಗುಂಡ್ಲುಪೇಟೆಯ ಜೂನಿಯರ್ ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲ್ತುದಿಯಲ್ಲಿ ಬರೆಯಲು ಕೈ ಎತ್ತಿದೆ. ಬೆನ್ನಿನ ನಡುವೆ ಯಾರೋ ಗೂಟ ಹೊಡೆದಂತಾಯಿತು. ಎರಡು ತಿಂಗಳು ಎಣ್ಣೆ ತಿಕ್ಕಿಸಿಕೊಂಡೆ. ಸಂಜೆಯ ಜ್ವರವನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿದೆ. ಮಾರ್ಚ್‌ನಲ್ಲಿ ಮೈಸೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನನ್ನ ಕಡೆಗಲ್ಲ, ಅಣ್ಣನ ಕಡೆ ತಿರುಗಿ ಹೇಳಿದರು.

ಸ್ಪೈನ್ ಟಿಬಿ.

ಹಲಗೆಯ ಮೇಲೆ ಅಂಗಾತ ಮಲಗಬೇಕು. ತಿಂಗಳುಗಟ್ಟಲೆ. ಮಾತ್ರೆ ಒಂದು ದಿನವೂ ತಪ್ಪಬಾರದು. ಕೆಂಪು ಕ್ಯಾಪ್ಸೂಲಿನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬಾರದು. ಇಷ್ಟು ನೆನಪಿದೆ. ಬಣ್ಣ ಹೋದರೆ ಹೆದರಬೇಕು ಎಂದೂ ಅವರು ಅಂದಿದ್ದರೇ? ಗೊತ್ತಿಲ್ಲ. ಅಣ್ಣ ಇಲ್ಲ ಅನ್ನುತ್ತಾನೆ. ಅವನ ಮಾತನ್ನು ಈಗ ಆಕರವಾಗಿ ಬಳಸಲಾರೆ.

ಅಪ್ಪ ಇಲ್ಲದ ಮನೆ ನಮ್ಮದು. ಅವ್ವ, ಅಣ್ಣ, ನಾನು. ಅಣ್ಣನಿಗೆ ಅರಿಸಿನದ ಮಂಡಿ. ಅಂಗಾತ ಮಲಗಿದವಳಿಗೆ ಟಿವಿ ಕಾಣುವುದಿಲ್ಲವೆಂದು ಅವನೇ ಅದನ್ನು ಅಟ್ಟಕ್ಕೇರಿಸಿ, ಹಿಂದೆ ಇಟ್ಟಿಗೆ ಕೊಟ್ಟು, ನನ್ನ ಮುಖದ ಕಡೆ ಬಾಗಿಸಿ ಹಗ್ಗದಿಂದ ಬಿಗಿದ. ಮಾಡಿದವನು ಅವನೇ. ಇದನ್ನು ಬಿಟ್ಟು ಬರೆದರೆ ಕಥೆ ಸುಲಭವಾಗುತ್ತಿತ್ತು.

ಕೇಬಲ್ ಹಾಕಿಕೊಟ್ಟವನು ಕೇರಳದ ಕಡೆಯ ಶಾಜಿ. ಬೆಳಿಗ್ಗೆ ಬೇರೇನೂ ಬಾರದ ಹೊತ್ತಿಗೆ ಒಂದು ಚಾನೆಲ್ಲಿನಲ್ಲಿ ಬೇಸ್‌ಬಾಲ್ ಬರುತ್ತಿತ್ತು. ಮೊದಲ ವಾರ ತಲೆಬುಡ ತಿಳಿಯಲಿಲ್ಲ. ಅಣ್ಣ ಮಂಡಿಗೆ ಹೋಗುವ ಮುಂಚೆ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದ.

"ಇವನ್ಯಾರಮ್ಮಿ ಪೆದ್ದ! ಒಡುದ್ಬುಟ್ಟು ದೊಣ್ಣೇನೇ ಬಿಸಾಕ್ಬುಟ್ಟು ಓಡ್ತಾವ್ನೆ. ಯಾರಾರ ಎತ್ಕಂಡೋದ್ರೆ?"

"ಅಲ್ಲಿ ನಿನ್ನಂಥೋರು ಇಲ್ಲ ಬುಡು."

"ಔದೌದು, ನಿನ್ನಂಥೋರೇ ಎಲ್ಲ. ಮಲಗಿದ್ದಲ್ಲೇ ಅಂಪೈರು."

ಮೇ ಹೊತ್ತಿಗೆ ನಿಯಮಗಳನ್ನು ನಾವೇ ಊಹಿಸಿ ಕಟ್ಟಿಕೊಂಡೆವು. ನೀಲಿ ಟೋಪಿಯ ತಂಡವೊಂದು ನಮ್ಮದಾಯಿತು. ಯಾಕೆ ಅದೇ, ನೆನಪಿಲ್ಲ. ಅಣ್ಣ ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಇರುವೆಯಂಥ ಅಕ್ಷರಗಳನ್ನು ಹುಡುಕಿ, "ಗೆದ್ರು ಕಣಮ್ಮಿ ನಮ್ಮೋರು" ಎನ್ನುತ್ತಿದ್ದ. ಅವನಿಗೆ ಬಹಳ ಹಿಡಿಸಿದ ಆಟವೊಂದಿತ್ತು. ಬ್ಯಾಟುಗಾರ ಚೆಂಡನ್ನು ಮೆಲ್ಲಗೆ ಮುಂದಕ್ಕೆ ತಟ್ಟಿ ತಾನು ಔಟಾಗುತ್ತಾನೆ, ಅಷ್ಟರಲ್ಲಿ ಜೊತೆಗಾರ ಮುಂದಿನ ಠಾಣೆ ಸೇರುತ್ತಾನೆ. ಸ್ಯಾಕ್ರಿಫೈಸ್ ಎನ್ನುತ್ತಿದ್ದರು ಕಾಮೆಂಟರಿಯಲ್ಲಿ. "ದೊಡ್ಡ ಮನುಸ ಇವ್ನು" ಎಂದು ಅಣ್ಣ ಪ್ರತಿ ಸಲವೂ ಹೇಳುತ್ತಿದ್ದ.

ನೋಟ್‌ಬುಕ್ಕಿನ ಎಡಪುಟದಲ್ಲಿ ಆಟದ ಸ್ಕೋರು ಬರೆಯುತ್ತಿದ್ದೆ. ಬಲಪುಟದಲ್ಲಿ ಮಾತ್ರೆ, ಜ್ವರ, ನೋವು, ಮೂತ್ರದ ಬಣ್ಣ. ಕೈ ಮೇಲಕ್ಕೆತ್ತಿ ಬರೆದ ಅಕ್ಷರಗಳಾದ್ದರಿಂದ ಎಲ್ಲವೂ ಕೆಳಕ್ಕೆ ಜಾರಿವೆ.

ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪಡೆಯಲು ಮೈಸೂರಿನ ಡಾಕ್ಟರು ಚೀಟಿ ಕೊಟ್ಟಿದ್ದರು. ಗುಂಡ್ಲುಪೇಟೆಯ ಆಸ್ಪತ್ರೆ ನಮ್ಮ ಮನೆಯಿಂದ ಐದು ನಿಮಿಷ. ಅಣ್ಣ ಅಲ್ಲಿಗೆ ಹೋಗಲಿಲ್ಲ. ತಿಂಗಳಿಗೊಮ್ಮೆ ತೆರಕಣಾಂಬಿ ಮೇಲಿನ ಬಸ್ಸು ಹಿಡಿದು, ನಮ್ಮನ್ನು ಯಾರೂ ಅರಿಯದ ಚಾಮರಾಜನಗರಕ್ಕೆ ಹೋಗಿ ತರುತ್ತಿದ್ದ. ಕೇಳಿದವರಿಗೆ ಅವ್ವ ಹೇಳುತ್ತಿದ್ದಳು: "ಮೆಟ್ಲ ಮೇಲಿಂದ ಬಿದ್ಬುಟ್ಳು. ಸೊಂಟ ಉಳುಕ್ಬುಟ್ಟದೆ." ನಾನೂ ಅದನ್ನೇ ಹೇಳಿದೆ. ಹೆಸರಿಲ್ಲದ ಕಾಯಿಲೆಯಾಗಿ ಮಲಗಲು ನಾನೇ ಒಪ್ಪಿದ್ದೆ. ಆ ಭಾಗದ ಸಿಟ್ಟು ನನ್ನ ಮೇಲೆಯೇ.

ಜುಲೈ ಹೊತ್ತಿಗೆ ಜ್ವರ ಬಿಟ್ಟಿತ್ತು. ನೀಲಿ ಟೋಪಿಯವರು ಎಲ್ಲರಿಗಿಂತ ಮುಂದಿದ್ದರು. ಅದೇ ತಿಂಗಳು ಅಣ್ಣನಿಗೆ ಹೆಣ್ಣು ಗೊತ್ತಾಯಿತು. ಚಾಮರಾಜನಗರದ ಕಡೆಯವರು. ಅವನು ಶಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದ. ನನಗೂ ಸಂತೋಷವಾಗಿತ್ತು ಎಂದು ನೋಟ್‌ಬುಕ್ಕು ಹೇಳುತ್ತದೆ.

ಆಗಸ್ಟ್‌ನ ಒಂದು ಬೆಳಿಗ್ಗೆ ಆಟ ಬರಲಿಲ್ಲ. ಮರುದಿನವೂ ಇಲ್ಲ. ಶಾಜಿಯನ್ನು ಕರೆಸಿ ರೇಗಿದೆ.

"ಟೀಚರೇ, ನಾನೇನೂ ಮಾಡಿಲ್ಲ. ಅಲ್ಲಿಂದಲೇ ಬರ್ತಿಲ್ಲ" ಎಂದ.

ವಾರದ ಮೇಲೆ ಪತ್ರಿಕೆಯಲ್ಲಿ ಮೂರು ಸಾಲು ಸಿಕ್ಕಿತು. ಆಟಗಾರರಿಗೂ ಮಾಲೀಕರಿಗೂ ಜಗಳ, ಆಟಗಾರರ ಮುಷ್ಕರ. ಆಮೇಲೆ ಆ ವರ್ಷದ ಆಟವನ್ನೇ ರದ್ದು ಮಾಡಿದರು. ಮುಂದಿದ್ದವರು ಮುಂದಿದ್ದಂತೆಯೇ ನಿಂತರು. ನಾನು ಅತ್ತೆ. ಕಾಣದ ದೇಶದ, ಹೆಸರು ನೆಟ್ಟಗೆ ಉಚ್ಚರಿಸಲು ಬಾರದ ಜನಕ್ಕಾಗಿ ಅತ್ತದ್ದು ನಾಚಿಕೆಯೆನಿಸಿತ್ತು.

ಆಟ ನಿಂತ ಒಂಬತ್ತನೆಯ ದಿನ ಬಲಪುಟದಲ್ಲಿ ಬರೆದಿದ್ದೇನೆ: "ಬಣ್ಣ ತಿಳಿಯಾಗಿದೆ." ಕೆಳಗೆ ಗೆರೆ ಎಳೆದಿದ್ದೇನೆ. ಎರಡು ಗೆರೆ.

ಬೆಡ್‌ಪ್ಯಾನು ಹಿಡಿದ ಅವ್ವ ಮಾದಪ್ಪನಿಗೆ ಕೈ ಮುಗಿದಳು. "ಕಾವು ಇಳೀತು ಕಣಮ್ಮಿ. ಇನ್ನೇನು, ಎದ್ದು ಕುಂತ್ಕತೀಯ."

ಶ್ರಾವಣದ ಕೊನೆಯಲ್ಲಿ ಮದುವೆ ಆಯಿತು. ಮನೆ ತುಂಬಿಸಿಕೊಂಡ ದಿನ ಬೀಗರು ಬಂದಾಗ ನನ್ನ ಕೋಣೆಯ ಬಾಗಿಲು ಮುಂದೆ ಮಾಡಿದ್ದರು. ಹೊರಗೆ ಯಾರೋ "ಸೊಂಟ ಉಳುಕಿ ಇಷ್ಟು ದಿನವಾ?" ಎಂದದ್ದು ಕೇಳಿಸಿತು. ಅವ್ವ ಪಾಯಸ ಬಡಿಸಲು ಹೇಳಿದ್ದೂ ಕೇಳಿಸಿತು.

ಸೆಪ್ಟೆಂಬರಿನಲ್ಲಿ ನೋವು ಮರಳಿತು. ಆಮೇಲೆ ಬಲಗಾಲಿನ ಬೆರಳುಗಳು.

ಅವು ನನ್ನವೆನಿಸಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಹಲಗೆಯ ಸಮೇತ ಜೀಪಿನಲ್ಲಿ ಮೈಸೂರಿಗೆ ಒಯ್ದರು. ಡಾಕ್ಟರು ಅಂಗಾಲಿಗೆ ಪಿನ್ನು ಚುಚ್ಚಿ, "ತಿಳಿಯುತ್ತಾ?" ಎಂದರು. ತಿಳಿಯಲಿಲ್ಲ. ಆಮೇಲೆ ಕೇಳಿದರು: "ಯೂರಿನ್ ಕಲರ್ ಹೇಗಿದೆ?"

"ಅದು ಸರಿಹೋಯ್ತು ಡಾಕ್ಟ್ರೇ. ಆಗಸ್ಟ್‌ನಲ್ಲೇ." ಬಹುಮಾನ ಬಂದವಳಂತೆ ಹೇಳಿದೆ. ನೋಟ್‌ಬುಕ್ಕನ್ನೂ ತೋರಿಸಿದೆ.

ಅವರು ಪೆನ್ನು ಕೆಳಗಿಟ್ಟರು.

ಐವತ್ತಮೂರು ದಿನ. ಕೆಂಪು ಕ್ಯಾಪ್ಸೂಲು ದಿನವೂ ನುಂಗಿದ್ದೆ. ಅದು ಮೆಡಿಕಲ್ ಸ್ಟೋರಿನಲ್ಲಿ ಯಾರು ಕೇಳಿದರೂ ಕೊಡುವ ಶಕ್ತಿಯ ಕ್ಯಾಪ್ಸೂಲು. ಬಣ್ಣ ಮಾತ್ರ ಕೆಂಪು.

ವಾರ್ಡಿನ ಸ್ಟೂಲಿನ ಮೇಲೆ ಕೂತು ಅಣ್ಣ ಹೇಳಿದ. ನಾನು ಸೂರು ನೋಡುತ್ತಿದ್ದೆ, ಬೇರೆ ಎಲ್ಲಿಗೂ ನೋಡಲು ಆಗುತ್ತಿರಲಿಲ್ಲ.

"ಮಾತ್ರೆ ಸಾಲಲ್ಲಿ ನಿಂತಿದ್ದೆ. ನಿಮ್ಮತ್ತಿಗೆ ಸೋದರಮಾವ ಅದೇ ಜಗಲಿಗೆ ಬಂದ ಕಣಮ್ಮಿ. ಬಂದ್ಬುಟ್ಟೆ. ಮೆಡಿಕಲ್ ಸ್ಟೋರಲ್ಲಿ ಕೆಂಪುಗಿರದ ತಕ್ಕಂಡೆ. ಮದ್ವೆ ಮುಗೀಲಿ, ಆಮೇಲೆ ತರನ ಅನ್ಕಂಡೆ. ನೀನೂ ಚೆಂದಾಗೇ ಇದ್ದಲ್ಲ."

"ಮದುವೆ ಮುಗಿದ ಮೇಲೆ?"

"ಆಮೇಲೆ ಎಂಗೋಗದು? ಅದು ಬೀಗರೂರಾಗೋಯ್ತಲ್ಲ."

ಗುಂಡ್ಲುಪೇಟೆಯ ಆಸ್ಪತ್ರೆ ಐದು ನಿಮಿಷದ ದಾರಿ ಎಂದು ನಾನು ಹೇಳಲಿಲ್ಲ. ಬಾಯಿಗೆ ಬಂದದ್ದು ಬೇರೆ. "ಆ ಆಟದಲ್ಲಿ ಔಟಾಗುವವನು ತಾನೇ ತಟ್ಟಿ ಔಟಾಗುತ್ತಾನೆ, ಅಣ್ಣ. ಬೇರೆಯವರು ಅವನನ್ನು ನೂಕುವುದಿಲ್ಲ." ಅವನಿಗೆ ಅರ್ಥವಾಯಿತು. ಎದ್ದು ಹೊರಗೆ ಹೋದ.

ಆಪರೇಷನ್ ಆಯಿತು. ಕೀವು ತೆಗೆದರು. ಮತ್ತೆ ಮೊದಲಿನಿಂದ ಮಾತ್ರೆ, ಜೊತೆಗೆ ದಿನಕ್ಕೊಂದು ಇಂಜೆಕ್ಷನ್. ಈ ಸಲ ಗುಂಡ್ಲುಪೇಟೆಯ ಆಸ್ಪತ್ರೆಯಿಂದಲೇ, ನನ್ನ ಹೆಸರಿನಲ್ಲಿ, ಕಾಯಿಲೆಯ ಹೆಸರನ್ನೂ ಬರೆಸಿ. ನರ್ಸಮ್ಮ ಮನೆಗೆ ಬಂದು ಚುಚ್ಚುತ್ತಿದ್ದಳು. ಬೀದಿಗೆಲ್ಲ ಗೊತ್ತಾಯಿತು. ಏನೂ ಆಗಲಿಲ್ಲ. ಅತ್ತಿಗೆ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು, "ಇಷ್ಟೇನಾ? ನಮ್ ಸೋದರಮಾವಂಗೂ ಇದೇ ಆಗಿತ್ತಲ್ಲ. ಅವ್ರೂ ಚಾಮರಾಜನಗರದ ಆಸ್ಪತ್ರೇಲೇ ಮಾತ್ರೆ ತಕ್ಕತಿದ್ರು" ಎಂದಳು. ನಾನು ನಗಲು ಹೋಗಿ ಬೆನ್ನು ಹಿಡಿದುಕೊಂಡೆ.

ಮಾತ್ರೆ ಮುಗಿದು ಈಗ ಎರಡು ತಿಂಗಳು. ಕೋಲು ಹಿಡಿದು ಬಸ್‌ ಸ್ಟ್ಯಾಂಡಿನವರೆಗೆ ನಡೆಯುತ್ತೇನೆ. ಬಲಗಾಲು ಸ್ವಲ್ಪ ಎಳೆಯುತ್ತದೆ, ಎಳೆಯುತ್ತಲೇ ಇರುತ್ತದಂತೆ. ನಡೆಯುತ್ತಿದ್ದೇನಲ್ಲ, ಅದಕ್ಕೆ ಕೃತಜ್ಞಳು. ಆಟವೂ ಮತ್ತೆ ಶುರುವಾಗಿತ್ತು. ನೀಲಿ ಟೋಪಿಯವರು ಈ ವರ್ಷ ಸೋತರು, ಒಳ್ಳೆಯ ಆಟಗಾರರೆಲ್ಲ ಬೇರೆ ತಂಡಗಳಿಗೆ ಹೋಗಿದ್ದರು. ಅಣ್ಣ ಟಿವಿಯನ್ನು ಅಟ್ಟದಿಂದ ಇಳಿಸಿಕೊಟ್ಟ. ಕೂರಲಿಲ್ಲ. ಕೂರು ಎಂದು ನಾನೂ ಹೇಳಲಿಲ್ಲ.

ಅಣ್ಣನ ಮೇಲಿನ ಸಿಟ್ಟಿಗೆ ಒಂದು ತುದಿ ಕಾಣುತ್ತಿದೆ. ಇನ್ನೊಂದು ಸಿಟ್ಟಿಗೆ ಕಾಣುತ್ತಿಲ್ಲ. ಆ ಐವತ್ತಮೂರು ದಿನವೂ ಬೆಳ್ಳಿಬಣ್ಣದ ಹಾಳೆಯಿಂದ ಮಾತ್ರೆ ಬಿಡಿಸಿ, ಸ್ಟೀಲ್ ಬಟ್ಟಲಲ್ಲಿಟ್ಟು, ನನ್ನ ಬಾಯಿಗೆ ಹಾಕಿದವಳು ಅವ್ವ. ಅವಳಿಗೆ ಓದು ಬಾರದು. ಬಾರದ್ದರಿಂದಲೇ ಅವಳ ಕಣ್ಣಿಗೆ ಯಾವುದೂ ತಪ್ಪುವುದಿಲ್ಲ. ಸೋಪಿನ ಪೊಟ್ಟಣ, ಬೀಜದ ಚೀಲ, ಬಸ್ಸು, ಎಲ್ಲವನ್ನೂ ಬಣ್ಣದಿಂದ, ಆಕಾರದಿಂದ ಗುರುತು ಹಿಡಿಯುತ್ತಾಳೆ. ಟೀ ಪುಡಿಯ ಪೊಟ್ಟಣದ ಅಂಚು ಬದಲಾದರೆ ಅಂಗಡಿಗೆ ವಾಪಸು ಕಳಿಸುತ್ತಾಳೆ.

ಮೊನ್ನೆ ಅವಳು ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೋಲನ್ನು ಗೋಡೆಗೆ ಆನಿಸಿ, ನಿಧಾನವಾಗಿ ಅವಳ ಎದುರು ಕೂತೆ. ಒಂದು ಹಿಡಿ ಕಾಯಿ ನನ್ನ ಕಡೆ ತಳ್ಳಿದಳು. ನಾಲ್ಕು ಕಾಯಿ ಸುಲಿದ ಮೇಲೆ ಕೇಳಿದೆ.

"ಅವ್ವ, ಮಾತ್ರೆ ಹಾಳೆ ಬೇರೇದು ಅಂತ ನಿಂಗೆ ಗೊತ್ತಾಗಿತ್ತಾ?"