ನಾಗಲಕ್ಷ್ಮಿ ಬಾಯಿಬಿಡದ ಮೂರು ದಿನ

ಶೆಟ್ಟಿಹಳ್ಳಿಯ ಆ ಮನೆಯಲ್ಲಿ ನಾಲ್ಕು ವರ್ಷ ಚಟ್ನಿಯನ್ನು ಒರಳಿನಲ್ಲೇ ರುಬ್ಬಿದ್ದು ರುಚಿಗಾಗಿ ಅಲ್ಲ. ಮಿಕ್ಸಿ ಹಾಕಿದರೆ ಕರೆಂಟು ಕುಗ್ಗಿ, ನಡುಮನೆಯ ಕಂಪ್ಯೂಟರಿನಲ್ಲಿ ಇಳಿಯುತ್ತಿದ್ದ ಮದುವೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಅತ್ತೆ ಲಕ್ಷ್ಮಿದೇವಮ್ಮ ಮಾತ್ರ ಬಂದವರಿಗೆಲ್ಲ, "ನಮ್ ಸೊಸೆ ಕೈಲೇ ರುಬ್ಬೋದು ಕಣ್ರೀ" ಎಂದು ಬೀಗುತ್ತಿದ್ದರು. ನಾಗಲಕ್ಷ್ಮಿ ತಿದ್ದಲು ಹೋಗಲಿಲ್ಲ.

ಗಂಡ ಅನಂತರಾಜುವಿಗೆ ಬಾಗಲಗುಂಟೆಯಲ್ಲಿ ವಿಡಿಯೊ ಸ್ಟುಡಿಯೊ. ಶೂಟಿಂಗ್ ಮುಗಿಸಿ ಕ್ಯಾಸೆಟ್ಟುಗಳನ್ನು ಮನೆಗೆ ತಂದು ಸುರಿದರೆ ಅವನ ಕೆಲಸ ಮುಗಿಯಿತು. ಅವನ್ನು ಕಂಪ್ಯೂಟರಿಗೆ ಇಳಿಸುವವಳು ಇವಳು. ಒಂದು ಗಂಟೆಯ ಕ್ಯಾಸೆಟ್ಟು ಇಳಿಯಲು ಒಂದು ಗಂಟೆಯೇ ಬೇಕು. ಒಂದು ಕಣ್ಣು ಸಾರಿನ ಮೇಲೆ, ಇನ್ನೊಂದು ಪರದೆಯ ಮೂಲೆಯ ಅಂಕಿಯ ಮೇಲೆ. ಅಂಕಿ ಸೊನ್ನೆ ಬಿಟ್ಟು ಮೇಲೇರಿದರೆ ನಡುವೆ ಚಿತ್ರ ಹಾರಿದೆ ಎಂದೇ ಅರ್ಥ. ಕ್ಯಾಸೆಟ್ಟು ಸುತ್ತಿ ಮತ್ತೆ ಇಳಿಸಬೇಕು. ತಾನು ಕಾಲಿಡದ ಛತ್ರಗಳ ನೂರಾರು ಧಾರೆಗಳನ್ನು ಅವಳು ಹೀಗೆ ಕಂಡಿದ್ದಳು.

೨೦೦೯ರ ಬೇಸಿಗೆಯಲ್ಲಿ ಹೊಸ ಕಂಪ್ಯೂಟರಿನ ಮಾತು ಬಂತು. ನಾಗಲಕ್ಷ್ಮಿ ಒಂದು ಚೀಟಿ ಬರೆದುಕೊಟ್ಟಳು: ಕ್ಯಾಮೆರಾದ ವೈರು ಸಿಕ್ಕಿಸಲು ಫೈರ್‌ವೈರ್ ಕಾರ್ಡು, ಚಿತ್ರಕ್ಕೆಂದೇ ಬೇರೆ ಹಾರ್ಡ್‌ಡಿಸ್ಕು, ಒಳ್ಳೆಯ ಯುಪಿಎಸ್.

ನಾದಿನಿಯ ಗಂಡ ಚನ್ನಕೇಶವ ಸೋಫಾದಲ್ಲಿ ಕೂತಿದ್ದ. "ಬಟನ್ ಒತ್ತೋರ್ನೆಲ್ಲ ಇಂಜಿನಿಯರ್ ಮಾಡ್ಬೇಡ ಗುರು" ಎಂದ.

ಅನಂತರಾಜು ನಕ್ಕ. "ಕಾಫಿ ತಗೊಂಡ್ ಬಾ ನಾಗು. ಅದ್ರಲ್ಲಿ ನಿನ್ ಬಿಟ್ರಿಲ್ಲ."

ಮರುದಿನ ಚನ್ನಕೇಶವನ ಪಟ್ಟಿ ಬಂತು. ನೀಲಿ ದೀಪದ ಡಬ್ಬ, ಆಟ ಆಡುವವರು ಹಾಕಿಸುವ ಇಟ್ಟಿಗೆ ದಪ್ಪದ ಗ್ರಾಫಿಕ್ಸ್ ಕಾರ್ಡು. ಒಗೆದ ಬಟ್ಟೆ ಮಡಿಸುತ್ತ ನಾಗಲಕ್ಷ್ಮಿ ಓದಿದಳು. ಆ ದಪ್ಪ ಕಾರ್ಡು ಪಕ್ಕದ ಕಿಂಡಿಯನ್ನೂ ಮುಚ್ಚುತ್ತದೆ, ಫೈರ್‌ವೈರ್ ಕಾರ್ಡು ಕೂರಿಸಲು ಜಾಗವೇ ಉಳಿಯುವುದಿಲ್ಲ ಎಂದು ಅವಳಿಗೆ ಆಗಲೇ ಗೊತ್ತಾಯಿತು. ಆರ್ಡರು ಕೊಡಲು ಇನ್ನೂ ಮೂರು ದಿನವಿತ್ತು. ಮೂರು ದಿನವೂ ಅವಳು ಬಾಯಿಬಿಡಲಿಲ್ಲ. ಮುದ್ದೆ ತೊಳಸಿದಳು, ಪಾತ್ರೆ ಬೆಳಗಿದಳು. ಆ ಮನೆಯಲ್ಲಿ ಅಷ್ಟು ಹಗುರವಾಗಿ ಅವಳು ಎಂದೂ ಓಡಾಡಿರಲಿಲ್ಲ.

ಹೊಸದು ಸ್ಟುಡಿಯೊ ಸೇರಿತು. "ಹಳೇದು ಗುಜರಿಗೆ ಹಾಕು" ಎಂದ ಗಂಡ. ನಾಗಲಕ್ಷ್ಮಿ ಅದನ್ನು, ಒಳಗಿದ್ದ ಫೈರ್‌ವೈರ್ ಕಾರ್ಡಿನ ಸಮೇತ, ಆಟೋದಲ್ಲಿ ಅಬ್ಬಿಗೆರೆಗೆ ಸಾಗಿಸಿ, ಅಕ್ಕ ರತ್ನಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಇರಿಸಿದಳು.

ಆ ವಾರವೇ ಹನುಮಯ್ಯನವರ ಮಗಳ ಮದುವೆ, ಹನ್ನೊಂದು ಕ್ಯಾಸೆಟ್ಟು. ಇದ್ದ ಬೇರೆ ವೈರಿನಲ್ಲಿ ಇಳಿಸಿದರೆ ಮದುಮಗಳ ಮುಖ ಕಲಸಿದ ಹಿಟ್ಟಿನಂತೆ ಕಂಡಿತು. ಕಾರ್ಡು ತಂದರೆ ಕೂರಿಸಲು ಕಿಂಡಿಯಿಲ್ಲ. ಬೇರೆ ಸ್ಟುಡಿಯೊದವರು ಆಷಾಢದವರೆಗೆ ಪುರುಸೊತ್ತಿಲ್ಲ ಎಂದರು.

"ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದ ಅನಂತರಾಜು.

"ಗೊತ್ತಿತ್ತು."

"ಹೇಳ್ಬಾರ್ದಾಗಿತ್ತಾ?"

"ಬಟನ್ ಒತ್ತೋಳು ನಾನು. ಒತ್ತು ಅಂದ್ರೆ ಒತ್ತೀನಿ."

ಮದುವೆಯಾದ ಎಂಟನೆಯ ದಿನ ಹನುಮಯ್ಯ ಮನೆಗೇ ಬಂದರು. "ಏನಪ್ಪಾ, ಇಂಗಾದ್ರೆ ಎಂಗೆ? ಬೀಗ್ರು ದಿನಾ ಫೋನ್ ಮಾಡ್ತಾವ್ರೆ."

"ಮಿಶನ್ ತೊಂದ್ರೆ ಸಾರ್..."

"ಆ ಮಿಶನ್ ಆರಿಸಿದ್ದು ಯಾರು ಅಂತಾನೂ ಹೇಳ್ರೀ" ಎಂದಳು ನಾಗಲಕ್ಷ್ಮಿ, ನೀರಿನ ಲೋಟ ಹಿಡಿದೇ.

"ಒಳಗೋಗೇ" ಎಂದರು ಅತ್ತೆ. ಅವಳು ಕದಲಲಿಲ್ಲ. ಲೋಟವನ್ನೂ ಕೊಡಲಿಲ್ಲ.

ಅನಂತರಾಜು ನೆಲ ನೋಡಿದ. "ನಾವೇ ಆರಿಸಿದ್ದು. ಇವ್ಳು ಬೇರೇದೇ ಹೇಳಿದ್ಲು. ಇಳಿಸೋ ಕೆಲ್ಸ ಎಲ್ಲ... ಇವ್ಳೇ ಮಾಡೋದು."

"ಅಂಗಾದ್ರೆ ನಾನ್ಯಾಕೆ ನಿನ್ನತ್ರ ಮಾತಾಡ್ತಿವ್ನಿ?" ಹನುಮಯ್ಯ ಅವಳತ್ತ ತಿರುಗಿದರು. "ಏನವ್ವ, ಆಯ್ತದಾ?"

"ಆಗತ್ತೆ. ಹಳೇ ಮಿಶನ್ ಅಬ್ಬಿಗೆರೇಲಿ ನಮ್ಮಕ್ಕನ ಮನೇಲಿದೆ. ಕ್ಯಾಸೆಟ್ ಇವ್ರು ಹೊತ್ಕೊಂಡ್ ಬರ್ತಾರೆ."

ಮರುದಿನ ಬೆಳಿಗ್ಗೆ ಏಳಕ್ಕೆ ಅನಂತರಾಜು ಕ್ಯಾಸೆಟ್ಟಿನ ಚೀಲ ಹೊತ್ತು ಅಬ್ಬಿಗೆರೆಗೆ ಬಂದು, ಒಳಗೆ ಕುರ್ಚಿ ಎಳೆದುಕೊಂಡ.

"ಹೊರಗೆ ಕೂತ್ಕೊಳ್ಳಿ. ಓಡಾಡಿದ್ರೆ ಟೇಬಲ್ ಅಲ್ಲಾಡತ್ತೆ." ಅದು ಸುಳ್ಳು.

"ಎಷ್ಟೊತ್ತಾಗತ್ತೆ?"

"ಹನ್ನೊಂದು ಗಂಟೆ."

"ಅಲ್ಲೀತಂಕ ನಾನೇನ್ ಮಾಡ್ಲಿ?"

"ಅಕ್ಕ ಸೊಪ್ಪು ಬಿಡಿಸ್ತಿದ್ದಾಳೆ. ಕೇಳಿ."

ಮೊದಲ ಕ್ಯಾಸೆಟ್ಟು ತಿರುಗತೊಡಗಿತು. ಕಿಟಕಿಯಾಚೆ ಜಗಲಿಯಲ್ಲಿ ಅನಂತರಾಜು ಕುಕ್ಕರುಗಾಲಲ್ಲಿ ಕೂತು, ಎಲೆಯನ್ನು ಬಿಸಾಡಿ ದಂಟನ್ನು ಮೊರಕ್ಕೆ ಹಾಕುತ್ತಿದ್ದ. ರತ್ನಕ್ಕ ಮೊರ ನೋಡಿ ಹಣೆ ಚಚ್ಚಿಕೊಂಡು, ಅವನ ಮುಂದೆ ಇನ್ನೆರಡು ಕಟ್ಟು ತಂದುಹಾಕಿದಳು. ನಾಗಲಕ್ಷ್ಮಿ ಬೇಡವೆನ್ನಲಿಲ್ಲ.